ಕುಂತೂರಿನ ಕಬ್ಬು, ಬೆಂಗಳೂರಿನ ಕೆಲಸ

ಕೊಳ್ಳೇಗಾಲ ತಾಲ್ಲೂಕಿನ ಕುಂತೂರಿನ ಸಕ್ಕರೆ ಕಾರ್ಖಾನೆ ಟನ್ನಿಗೆ ಎಷ್ಟು ಕೊಟ್ಟಿತು, ಕಟಾವು-ಸಾಗಣೆಗೆ ಎಷ್ಟು ಹಿಡಿದುಕೊಂಡಿತು, ದುಡ್ಡು ಯಾವಾಗ ಖಾತೆಗೆ ಬಿತ್ತು ಎಂಬ ಮಾತು ಕಬಿನಿ ನಾಲೆಯ ಕೆಳಗಿನ ಊರುಗಳಲ್ಲಿ ವರ್ಷವಿಡೀ ನಡೆಯುತ್ತದೆ. ಆದರೆ ಆ ಕಾರ್ಖಾನೆ ಬಣ್ಣಾರಿ ಅಮ್ಮನ್ ಶುಗರ್ಸ್ ಎಂಬ ಷೇರುಪೇಟೆಯ ಕಂಪನಿಗೆ ಸೇರಿದ್ದು. ಆದ್ದರಿಂದ ಅದು ಮೂರು ತಿಂಗಳಿಗೊಮ್ಮೆ ಲಾಭ-ನಷ್ಟವನ್ನೂ ವರ್ಷಕ್ಕೊಮ್ಮೆ ಪೂರ್ತಿ ಜಾತಕವನ್ನೂ ಜನರ ಮುಂದೆ ಇಡಲೇಬೇಕು. ಆ ವರದಿಯನ್ನು ಯಾರು ಬೇಕಾದರೂ ಬಿಡಿಗಾಸು ಕೊಡದೆ ಮೊಬೈಲಿಗೆ ಇಳಿಸಿಕೊಳ್ಳಬಹುದು. ಈ ವಿಷಯ ಊರಿನ ಮಾತುಕತೆಯಲ್ಲಿ ಸುಳಿಯುವುದೇ ಇಲ್ಲ. ಅದೇ ಊರುಗಳಲ್ಲಿ ಬಿ.ಕಾಂ. ಮುಗಿಸಿದ ಹುಡುಗ ಹುಡುಗಿಯರು ಫೈನಾನ್ಷಿಯಲ್ ಅನಲಿಸ್ಟ್ ಆಗಲು ಯಾವ ಕೋರ್ಸ್ ಮಾಡಬೇಕು, ಎಲ್ಲಿ ಕೋಚಿಂಗ್ ಸೇರಬೇಕು, ಫೀಸು ಎಷ್ಟು ಎಂದು ವಿಚಾರಿಸುತ್ತಾರೆ. ಪ್ರಶ್ನೆ ತಪ್ಪಲ್ಲ, ಅದು ಬರಬೇಕಾದ ಸರದಿ ತಪ್ಪಿದೆ. ಹಣಕಾಸು ವಿಶ್ಲೇಷಣೆ ಎಂಬ ಕಸುಬಿನ ಬೇರು ಒಂದು ವ್ಯಾಪಾರವನ್ನು ಬುಡದಿಂದ ತುದಿಯವರೆಗೆ ಅರಿಯುವುದರಲ್ಲಿದೆ. ಆ ಅರಿವಿಗೆ ಬೇಕಾದ ಸರಕು ಕೊಳ್ಳೇಗಾಲ, ಹನೂರು, ಯಳಂದೂರಿನಲ್ಲಿ ಧಾರಾಳವಾಗಿದೆ. ಮೊದಲು ತನ್ನೂರಿನ ಒಂದು ವ್ಯಾಪಾರವನ್ನು ಕಾಗದದ ಮೇಲೆ ಬಿಡಿಸಿ, ಆಮೇಲೆ ಸರ್ಟಿಫಿಕೇಟಿಗೆ ಕೈ ಹಾಕಿದವರು ಈ ಕೆಲಸದಲ್ಲಿ ಹೆಚ್ಚು ಕಾಲ ನಿಲ್ಲುತ್ತಾರೆ ಎಂಬುದು ನನ್ನ ವಾದ.

ಮೊದಲಿಗೆ ಕೆಲಸ ಎಂಥದ್ದು ಎಂದು ನೋಡೋಣ. ಟಿ.ವಿ.ಯಲ್ಲಿ ಕೂತು ಈ ಷೇರು ಕೊಳ್ಳಿ, ಆ ಷೇರು ಮಾರಿ ಎನ್ನುವವರ ಚಿತ್ರವೇ ಜನರ ಮನಸ್ಸಿನಲ್ಲಿದೆ. ಈ ವೃತ್ತಿಯ ಬಹುಪಾಲು ಜನ ಕ್ಯಾಮೆರಾದ ಮುಂದೆ ಎಂದೂ ಬರುವವರಲ್ಲ. ಬ್ಯಾಂಕಿನ ಸಾಲ ವಿಭಾಗದಲ್ಲಿ ಅರ್ಜಿದಾರನ ಮೂರು ವರ್ಷದ ಲೆಕ್ಕ ತಿರುವಿ ಹಾಕಿ ಈತ ಕಂತು ಕಟ್ಟಬಲ್ಲನೇ ಎಂದು ಬರೆಯುವವರು ಒಂದು ಬಗೆ. ಕ್ರಿಸಿಲ್, ಇಕ್ರಾ, ಕೇರ್‌ನಂಥ ರೇಟಿಂಗ್ ಸಂಸ್ಥೆಗಳಲ್ಲಿ ಅದೇ ಪ್ರಶ್ನೆಗೆ ಅಕ್ಷರದ ದರ್ಜೆ ಕೊಡುವವರು ಇನ್ನೊಂದು ಬಗೆ. ಕಂಪನಿಯ ಒಳಗೇ ಕೂತು ಬಜೆಟ್ಟಿಗೂ ನಿಜವಾದ ಖರ್ಚಿಗೂ ಎಲ್ಲಿ ವ್ಯತ್ಯಾಸ ಬಂತು, ಏಕೆ ಬಂತು ಎಂದು ತಿಂಗಳು ತಿಂಗಳು ಹುಡುಕುವವರ ಸಂಖ್ಯೆ ಬಲು ದೊಡ್ಡದು. ಗೋಲ್ಡ್‌ಮನ್ ಸ್ಯಾಕ್ಸ್ 2004ರಲ್ಲಿ ಬೆಂಗಳೂರಿನಲ್ಲಿ ಕಚೇರಿ ತೆರೆದ ಮೇಲೆ ವಿದೇಶಿ ಬ್ಯಾಂಕುಗಳು ಒಂದರ ಹಿಂದೆ ಒಂದು ಬಂದವು. ಅಲ್ಲಿ ಕೂತವರು ನ್ಯೂಯಾರ್ಕ್, ಲಂಡನ್ನಿನ ಲೆಕ್ಕಗಳನ್ನು ಸಂಭಾಳಿಸುತ್ತಾರೆ. ಇಂಥ ಕೇಂದ್ರಗಳು 2029ರೊಳಗೆ ಇನ್ನೂ 500 ಬರಲಿ ಎಂದು ರಾಜ್ಯ ಸರ್ಕಾರ 2024ರಲ್ಲಿ ನೀತಿಯನ್ನೇ ಮಾಡಿದೆ. ಷೇರು ಸಂಶೋಧನೆ ಮಾಡುವವರು ಕೊನೆಯ, ತೀರಾ ಸಣ್ಣ ಗುಂಪು. ಯಾವ ಗುಂಪಾದರೂ ಮೊದಲ ಎರಡು ಮೂರು ವರ್ಷದ ದುಡಿಮೆ ಒಂದೇ: ಎಕ್ಸೆಲ್ ಹಾಳೆಯಲ್ಲಿ ಅಂಕಿ ತುಂಬುವುದು, ತಾಳೆ ಹಾಕುವುದು, ತಾಳೆ ಬೀಳದ ಒಂದು ಸಾಲಿಗಾಗಿ ರಾತ್ರಿ ಹತ್ತರವರೆಗೆ ಕೂರುವುದು. ತಿಂಗಳ ಕೊನೆ, ತ್ರೈಮಾಸಿಕದ ಕೊನೆ ಬಂತೆಂದರೆ ಹಬ್ಬವೂ ಇಲ್ಲ, ಹುಣ್ಣಿಮೆಯೂ ಇಲ್ಲ. ಇಷ್ಟನ್ನೂ ಯಾರು ಬೇಕಾದರೂ ಕಲಿಯಬಹುದು. ಅಂಕಿಯ ಹಿಂದೆ ಏನಿದೆ ಎಂದು ಕೇಳುವ ಚಾಳಿ ಮಾತ್ರ ಎಲ್ಲರಿಗೂ ಬರುವುದಿಲ್ಲ, ಸಂಬಳದಲ್ಲಿ ವ್ಯತ್ಯಾಸ ಮಾಡುವುದೂ ಅದೇ.

ಆ ಚಾಳಿ ಹೇಗಿರುತ್ತದೆ ಎಂದು ಕುಂತೂರಿನ ಕಬ್ಬಿನಲ್ಲೇ ನೋಡಬಹುದು. 2025-26ರ ಹಂಗಾಮಿಗೆ ಕೇಂದ್ರ ಸರ್ಕಾರ ಕಬ್ಬಿಗೆ ಕಟ್ಟಿದ ಕನಿಷ್ಠ ಖರೀದಿ ದರವಾದ ಎಫ್‌ಆರ್‌ಪಿ ಕ್ವಿಂಟಲಿಗೆ 355 ರೂಪಾಯಿ, ಅಂದರೆ ಟನ್ನಿಗೆ 3,550. ಇದು ಶೇ 10.25ರಷ್ಟು ಸಕ್ಕರೆ ಇಳುವರಿ ಬಂದರೆ ಮಾತ್ರ. ಇಳುವರಿ ಶೇ 0.1ರಷ್ಟು ಏರಿದರೆ ಕ್ವಿಂಟಲಿಗೆ 3.46 ರೂಪಾಯಿ ಕೂಡುತ್ತದೆ, ಇಳಿದರೆ ಅಷ್ಟೇ ಕಳೆಯುತ್ತದೆ. ಆದರೆ ಶೇ 9.5ಕ್ಕಿಂತ ಕೆಳಗೆ ಹೋದರೆ ಕಳೆಯುವಂತಿಲ್ಲ, ರೈತನಿಗೆ ಕ್ವಿಂಟಲಿಗೆ 329.05 ರೂಪಾಯಿ ಕೊಡಲೇಬೇಕು. ಪತ್ರಿಕೆಯ ಸುದ್ದಿ ಇಲ್ಲಿಗೆ ಮುಗಿಯುತ್ತದೆ, ವಿಶ್ಲೇಷಕರ ಕೆಲಸ ಇಲ್ಲಿಂದ ಶುರುವಾಗುತ್ತದೆ. ಶೇ 10.25 ಇಳುವರಿಯಲ್ಲಿ ಒಂದು ಟನ್ ಕಬ್ಬಿಗೆ 102.5 ಕೆ.ಜಿ. ಸಕ್ಕರೆ. 3,550ನ್ನು ಅದರಿಂದ ಭಾಗಿಸಿದರೆ ಕೆ.ಜಿ. ಸಕ್ಕರೆಯೊಳಗಿನ ಕಬ್ಬಿನ ಖರ್ಚು 34 ರೂಪಾಯಿ 63 ಪೈಸೆ. ಇಳುವರಿ 9.5ಕ್ಕೆ ಇಳಿದರೆ 3,290.50ನ್ನು 95ರಿಂದ ಭಾಗಿಸಬೇಕು, ಉತ್ತರ 34 ರೂಪಾಯಿ 64 ಪೈಸೆ. ಒಂದೇ ಪೈಸೆಯ ವ್ಯತ್ಯಾಸ! ಅಲ್ಲಿಯವರೆಗೆ ಇಳುವರಿ ಕುಸಿದರೆ ಪೆಟ್ಟು ರೈತನಿಗೆ, ಕಾರ್ಖಾನೆಗೆ ಕಬ್ಬಿನ ಬಾಬ್ತಿನಲ್ಲಿ ಏನೂ ನಾಟುವುದಿಲ್ಲ. ಇಳುವರಿ ಶೇ 9 ಆಯಿತೆನ್ನಿ. ರೈತನ ದರ ಅಲ್ಲೇ ನಿಂತಿರುತ್ತದೆ, ಸಕ್ಕರೆ 90 ಕೆ.ಜಿ.ಗೆ ಇಳಿಯುತ್ತದೆ, ಕಬ್ಬಿನ ಖರ್ಚು ಒಮ್ಮೆಲೇ 36 ರೂಪಾಯಿ 56 ಪೈಸೆಗೆ ಜಿಗಿಯುತ್ತದೆ. ಅಲ್ಲಿಂದ ಮುಂದೆ ಪೆಟ್ಟು ಪೂರ್ತಿ ಕಾರ್ಖಾನೆಗೆ. ಒಂದೇ ಆದೇಶದೊಳಗೆ ನಷ್ಟದ ಹೊರೆ ಒಬ್ಬರ ಹೆಗಲಿನಿಂದ ಇನ್ನೊಬ್ಬರ ಹೆಗಲಿಗೆ ದಾಟುವ ಗೆರೆ ಅಡಗಿದೆ. ಅದನ್ನು ಕಾಣಲು ಭಾಗಾಕಾರ ಬಂದರೆ ಸಾಕು, ಪ್ರೈಮರಿ ಶಾಲೆಯ ಭಾಗಾಕಾರ.

ಲೆಕ್ಕ ಅಲ್ಲಿಗೂ ನಿಲ್ಲುವುದಿಲ್ಲ. ಸಕ್ಕರೆಯನ್ನು ಕಾರ್ಖಾನೆ ಇಷ್ಟಕ್ಕಿಂತ ಕಡಿಮೆಗೆ ಮಾರಬಾರದು ಎಂದು ಕೇಂದ್ರ 2019ರ ಫೆಬ್ರುವರಿಯಲ್ಲಿ ಕೆ.ಜಿ.ಗೆ 31 ರೂಪಾಯಿ ನಿಗದಿ ಮಾಡಿತು. ಆ ಹಂಗಾಮಿನ ಎಫ್‌ಆರ್‌ಪಿ ಶೇ 10 ಇಳುವರಿಗೆ ಕ್ವಿಂಟಲಿಗೆ 275 ರೂಪಾಯಿ, ಎಂದರೆ ಕೆ.ಜಿ. ಸಕ್ಕರೆಯಲ್ಲಿ ಕಬ್ಬಿನ ಖರ್ಚು ಇಪ್ಪತ್ತೇಳೂವರೆ. ಆಗ 31 ಎಂಬುದಕ್ಕೆ ಅರ್ಥವಿತ್ತು. 2025-26ರ ಹಂಗಾಮು ಶುರುವಾದಾಗಲೂ ಕನಿಷ್ಠ ದರ ಅದೇ 31, ಕಬ್ಬಿನ ಖರ್ಚು ಮಾತ್ರ ಅದನ್ನು ದಾಟಿ ಮೂರೂವರೆ ರೂಪಾಯಿ ಮೇಲೆ ಹೋಗಿದೆ. ಹಾಗಾದರೆ ಕಾರ್ಖಾನೆ ಹೇಗೆ ನಡೆಯುತ್ತಿದೆ? ಪೇಟೆಯ ದರ 31ಕ್ಕಿಂತ ಮೇಲಿದೆ ಎಂಬುದು ಒಂದು ಉತ್ತರ. ಇನ್ನೊಂದು ಉತ್ತರ ಕಂಪನಿಯ ವರದಿಯ ವಿಭಾಗವಾರು ಪುಟದಲ್ಲಿದೆ. ಅಲ್ಲಿ ಸಕ್ಕರೆ, ವಿದ್ಯುತ್, ಡಿಸ್ಟಿಲರಿ, ಗ್ರಾನೈಟ್ ಎಂದು ಬೇರೆ ಬೇರೆ ಸಾಲುಗಳಿವೆ. ಸಿಪ್ಪೆ ಉರಿಸಿ ಬರುವ ಕರೆಂಟು, ಕಾಕಂಬಿಯಿಂದ ಬರುವ ಸ್ಪಿರಿಟ್ಟು ಎಷ್ಟು ತಂದವು, ಯಾವ ವರ್ಷ ಯಾವುದು ಯಾವುದನ್ನು ಸಾಕಿತು ಎಂದು ಐದು ವರ್ಷದ ಅಂಕಿಗಳನ್ನು ಪಕ್ಕಪಕ್ಕ ಇಟ್ಟರೆ ಒಂದು ಕತೆಯೇ ಬಿಚ್ಚಿಕೊಳ್ಳುತ್ತದೆ. ಕಬ್ಬು ಅರೆಯುವುದು ಕೆಲವೇ ತಿಂಗಳು, ಸಕ್ಕರೆ ಮಾರುವುದು ವರ್ಷವಿಡೀ, ಅದೂ ಕೇಂದ್ರ ಪ್ರತಿ ತಿಂಗಳು ಬಿಡುವ ಕೋಟಾದ ಲೆಕ್ಕದಲ್ಲಿ. ರೈತನಿಗೆ ಹದಿನಾಲ್ಕು ದಿನದೊಳಗೆ ಹಣ ಕೊಡಬೇಕು, ತಡವಾದರೆ ವರ್ಷಕ್ಕೆ ಶೇ 15 ಬಡ್ಡಿ. ಈ ಎರಡು ತುದಿಗಳ ನಡುವಿನ ಹೊಂಡವನ್ನು ಬ್ಯಾಂಕ್ ಸಾಲ ತುಂಬುತ್ತದೆ. ಆದ್ದರಿಂದ ಸಾಲ ಜಾಸ್ತಿ ಎಂದು ಗಾಬರಿ ಬೀಳುವ ಮೊದಲು ಬ್ಯಾಲೆನ್ಸ್ ಶೀಟ್ ಯಾವ ತಾರೀಕಿನದು, ಆ ದಿನ ಗೋದಾಮಿನಲ್ಲಿ ಎಷ್ಟು ಮಾಲಿತ್ತು ಎಂದು ನೋಡಬೇಕು. (ಕಂಪನಿಯ ಮುಖ್ಯ ಕಚೇರಿ ಇರುವುದು ಕೊಯಮತ್ತೂರಿನಲ್ಲಿ. 1956ರವರೆಗೆ ಕೊಳ್ಳೇಗಾಲವೂ ಮದ್ರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಗೇ ಸೇರಿತ್ತು. ಗಡಿ ಬದಲಾದರೂ ವ್ಯಾಪಾರದ ದಾರಿ ಹಳೆಯದನ್ನು ಅಷ್ಟು ಬೇಗ ಮರೆಯುವುದಿಲ್ಲ. ಈ ಭಾಗದ ಅರಿಸಿನ ಇವತ್ತಿಗೂ ಈರೋಡಿನ ಮಾರುಕಟ್ಟೆಯ ಕಡೆ ಮುಖ ಮಾಡುತ್ತದೆ.)

ಕಬ್ಬು ದೊಡ್ಡ ಕಂಪನಿಯ ಲೆಕ್ಕ. ಸಣ್ಣವರ ಲೆಕ್ಕ ಕಲಿಯಲು ಕೊಳ್ಳೇಗಾಲದ ರೇಷ್ಮೆ ಇದೆ. ನೂಲು ಬಿಚ್ಚುವ ರೀಲರ್‌ಗೆ ಜೀವ ಹೋಗುವುದೂ ಬರುವುದೂ ರೆಂಡಿಟದಲ್ಲಿ, ಅಂದರೆ ಒಂದು ಕೆ.ಜಿ. ನೂಲಿಗೆ ಎಷ್ಟು ಕೆ.ಜಿ. ಗೂಡು ಬೇಕು ಎಂಬುದರಲ್ಲಿ. ಗೂಡು ಕೆ.ಜಿ.ಗೆ 500 ರೂಪಾಯಿ, ರೆಂಡಿಟ 7 ಎಂದು ಲೆಕ್ಕಕ್ಕೆ ಹಿಡಿಯೋಣ. ನೂಲಿನ ಕಚ್ಚಾ ಖರ್ಚು 3,500. ಗೂಡಿನ ಗುಣ ಕೊಂಚ ಕೆಟ್ಟು ರೆಂಡಿಟ ಏಳೂವರೆ ಆದರೆ 3,750. ಆ 250 ರೂಪಾಯಿಯಲ್ಲಿ ಅವನ ಲಾಭವೆಲ್ಲ ತೊಳೆದುಹೋಗಬಹುದು. ದಿನಕ್ಕೆ 100 ಕೆ.ಜಿ. ಗೂಡು ಕೊಳ್ಳುವವನಿಗೆ ದಿನಕ್ಕೆ 50,000 ರೂಪಾಯಿ ಬೇಕು. ನೂಲು ಮಾರಿ ದುಡ್ಡು ಕೈಸೇರಲು ಹದಿನೈದು ದಿನ ಹಿಡಿದರೆ ಏಳೂವರೆ ಲಕ್ಷ ಸದಾ ದಾರಿಯಲ್ಲೇ ಇರುತ್ತದೆ. ನೂರಕ್ಕೆ ಎರಡರ ಬಡ್ಡಿಗೆ ತಂದದ್ದಾದರೆ ತಿಂಗಳಿಗೆ 15,000 ಬಡ್ಡಿಗೇ ಹೋಯಿತು, ಪ್ರತಿ ಕೆ.ಜಿ. ನೂಲಿನ ಮೇಲೆ 35 ರೂಪಾಯಿ. ವರ್ಕಿಂಗ್ ಕ್ಯಾಪಿಟಲ್ ಎಂದು ಪುಸ್ತಕದಲ್ಲಿ ಎರಡು ಅಧ್ಯಾಯ ಬಾಯಿಪಾಠ ಮಾಡಿದರೂ ತಲೆಗೆ ಹತ್ತದ್ದು ಇಲ್ಲಿ ಐದು ನಿಮಿಷದಲ್ಲಿ ಹತ್ತುತ್ತದೆ. ಇದರ ಮೇಲೆ ದೆಹಲಿಯ ಒಂದು ಸಾಲು ಏನು ಮಾಡಬಲ್ಲದು ಎಂಬುದಕ್ಕೂ ಸಾಕ್ಷಿ ಇದೆ. 2011ರ ಕೇಂದ್ರ ಬಜೆಟ್ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ 30ರಿಂದ ಶೇ 5ಕ್ಕೆ ಇಳಿಸಿತು. ನೇಕಾರರಿಗೆ ಅನುಕೂಲವಾಗಲಿ ಎಂಬುದು ಅದರ ತರ್ಕ. ರಾಜ್ಯದಲ್ಲಿ ಗೂಡಿನ ಬೆಲೆ ನೆಲ ಕಚ್ಚಿ ಬೆಳೆಗಾರರು ಬೀದಿಗಿಳಿದರು, 2013ರಲ್ಲಿ ಸುಂಕವನ್ನು ಶೇ 15ಕ್ಕೆ ಏರಿಸಬೇಕಾಯಿತು. ಆ ಬಜೆಟ್ ಭಾಷಣ ಓದಿದ ದಿನವೇ ಗೂಡಿನ ದರಕ್ಕೆ ಏನಾಗಬಹುದು ಎಂದು ಒಂದು ಪುಟ ಬರೆಯಬಲ್ಲ ಜನ ಹಿಪ್ಪುನೇರಳೆ ಬೆಳೆಯುವ ತಾಲ್ಲೂಕುಗಳಲ್ಲಿ ಇರಬೇಕಿತ್ತು.

ಮೂರನೆಯ ಪಾಠ ಕಹಿಯದು. 2025ರ ಜನವರಿಯಲ್ಲಿ ಮೈಕ್ರೋಫೈನಾನ್ಸ್ ಕಂತಿನ ಕಾಟಕ್ಕೆ ಮನೆಗೆ ಬೀಗ ಜಡಿದು ಊರು ಬಿಟ್ಟವರ ಸುದ್ದಿ ಚಾಮರಾಜನಗರ ಜಿಲ್ಲೆಯ ಹಳ್ಳಿಗಳಿಂದ ಬಂತು. ಬಲವಂತದ ವಸೂಲಿ ತಡೆಯಲು ಸರ್ಕಾರ ಸುಗ್ರೀವಾಜ್ಞೆ ತಂದಿತು, ಫೆಬ್ರುವರಿ 12ರಂದು ರಾಜ್ಯಪಾಲರ ಅಂಕಿತ ಬಿತ್ತು. ವಸೂಲಿಯ ದೌರ್ಜನ್ಯದ ಬಗ್ಗೆ ಬೇಕಾದಷ್ಟು ಚರ್ಚೆಯಾಯಿತು. ಸಾಲ ಕೊಡುವಾಗಿನ ಲೆಕ್ಕ ಎಲ್ಲಿ ಎಡವಿತು ಎಂಬ ಚರ್ಚೆ ಕಡಿಮೆ. ರಿಸರ್ವ್ ಬ್ಯಾಂಕಿನ 2022ರ ನಿಯಮದ ಪ್ರಕಾರ ವರ್ಷಕ್ಕೆ ಮೂರು ಲಕ್ಷದವರೆಗೆ ಆದಾಯವಿರುವ ಕುಟುಂಬಕ್ಕೆ ಅಡಮಾನವಿಲ್ಲದೆ ಕೊಡುವುದು ಕಿರುಸಾಲ. ಎಲ್ಲ ಸಾಲಗಳ ಕಂತೂ ಸೇರಿ ತಿಂಗಳ ಆದಾಯದ ಅರ್ಧ ಮೀರಬಾರದು. ಮೂರು ಲಕ್ಷವನ್ನು ಹನ್ನೆರಡರಿಂದ ಭಾಗಿಸಿದರೆ 25,000, ಅರ್ಧ 12,500. ಕಂಪ್ಯೂಟರಿನಲ್ಲಿ ಇದು ನಿಷ್ಕಳಂಕ ಲೆಕ್ಕ. ಹನೂರಿನ ಮಳೆಯಾಶ್ರಿತ ಹೊಲದವರಿಗೆ ತಿಂಗಳ ಆದಾಯ ಎಂಬುದು ಎಲ್ಲಿದೆ? ಬೆಳೆಯ ದುಡ್ಡು ವರ್ಷಕ್ಕೊಮ್ಮೆ ಬರುತ್ತದೆ, ಕೂಲಿ ಸಿಕ್ಕ ವಾರ ಉಂಟು, ಸಿಗದ ವಾರ ಉಂಟು, ಕಂತು ಮಾತ್ರ ವಾರ ತಪ್ಪದೆ ಬಾಗಿಲು ಬಡಿಯುತ್ತದೆ. ವರ್ಷದ ಸರಾಸರಿಯಲ್ಲಿ ಕಟ್ಟಬಲ್ಲ ಕುಟುಂಬ ಜೂನ್‌ನಲ್ಲಿ ಕಟ್ಟಲಾರದು. ಜೂನ್‌ನ ಕಂತಿಗೆ ಇನ್ನೊಂದು ಸಂಘದಲ್ಲಿ ಸಾಲ ಎತ್ತುತ್ತದೆ, ಮುಂದಿನದು ಎಲ್ಲರಿಗೂ ಗೊತ್ತು. ಇದು ನೀತಿಯ ಮಾತಷ್ಟೇ ಆಗಿ ಉಳಿಯುವುದಿಲ್ಲ. ಬೆಂಗಳೂರಿನ ಕ್ರೆಡಿಟ್‌ಆಕ್ಸೆಸ್ ಗ್ರಾಮೀಣ್‌ನಂಥ ಸಾಲ ಕಂಪನಿಗಳು ಷೇರುಪೇಟೆಯಲ್ಲಿವೆ. ಅವುಗಳ ತ್ರೈಮಾಸಿಕ ಫಲಿತಾಂಶದ ದಿನ ನಡೆಯುವ ಫೋನ್ ಕರೆಯಲ್ಲಿ ಮುಂಬೈಯ ವಿಶ್ಲೇಷಕರು ಕರ್ನಾಟಕದಲ್ಲಿ ವಸೂಲಿ ಹೇಗಿದೆ ಎಂದು ಕೇಳುತ್ತಾರೆ. ಹನೂರಿನ ಬೆಳೆ ಕ್ಯಾಲೆಂಡರ್ ಗೊತ್ತಿರುವವರು ಆ ಕರೆಯಲ್ಲಿದ್ದರೆ ಕೇಳುವ ಪ್ರಶ್ನೆಯೇ ಬೇರೆಯಾಗುತ್ತಿತ್ತು: ಎಷ್ಟು ವಸೂಲಾಯಿತು ಎಂಬುದಕ್ಕೆ ಮೊದಲು, ಯಾವ ದುಡ್ಡಿನಿಂದ ವಸೂಲಾಯಿತು?

ಈ ಸೀಮೆಗೆ ಲೆಕ್ಕದ ಕಸುಬು ಹೊಸದೇನಲ್ಲ. ಯಳಂದೂರು ಜಹಗೀರಾದದ್ದೇ ಒಬ್ಬ ಲೆಕ್ಕಿಗನಿಗೆ. ವರ್ತಕರ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದ ಪೂರ್ಣಯ್ಯ ಹೈದರ್ ಅಲಿಯ ಕಣ್ಣಿಗೆ ಬಿದ್ದು, ಟಿಪ್ಪುವಿನ ಕಾಲದಲ್ಲಿ ಹಣಕಾಸಿನ ಹೊಣೆ ಹೊತ್ತು, 1799ರಿಂದ 1811ರವರೆಗೆ ಮೈಸೂರಿನ ದಿವಾನರಾಗಿದ್ದವರು. 1807ರಲ್ಲಿ ಯಳಂದೂರು ಅವರಿಗೆ ಜಹಗೀರಾಗಿ ಬಂತು. ಅವರು ಖಜಾನೆ ತುಂಬಿಸಿಟ್ಟು ಹೋದರು. ಇಪ್ಪತ್ತು ವರ್ಷ ಕಳೆಯುವುದರೊಳಗೆ, 1831ರಲ್ಲಿ, ಹಣಕಾಸು ಹದಗೆಟ್ಟಿದೆ ಎಂಬುದನ್ನೂ ಒಂದು ನೆಪವಾಗಿಟ್ಟುಕೊಂಡು ಇಂಗ್ಲಿಷರು ಆಡಳಿತವನ್ನೇ ಕಿತ್ತುಕೊಂಡರು. ಮೂವರು ಒಡೆಯರ ಕೈಕೆಳಗೆ ಒಬ್ಬನೇ ಮನುಷ್ಯ ಉಳಿದುಬಂದದ್ದಕ್ಕೆ ಚಾಣಾಕ್ಷತನ, ಅವಕಾಶವಾದ ಎಂದು ಬೇರೆ ಬೇರೆ ವಿವರಣೆಗಳಿವೆ. ದಂಡಿಗೆ ದವಸ ಎಷ್ಟು ಬೇಕು, ಎಲ್ಲಿಂದ ಬರುತ್ತದೆ, ದುಡ್ಡು ಯಾವ ಪರಗಣೆಯಿಂದ ಯಾವಾಗ ಹೊರಡುತ್ತದೆ ಎಂದು ಬಲ್ಲವನನ್ನು ಯಾವ ರಾಜ್ಯವೂ ಸುಲಭವಾಗಿ ಬಿಟ್ಟುಕೊಡುವುದಿಲ್ಲ ಎಂಬುದು ನನಗೆ ಹೆಚ್ಚು ಒಪ್ಪುವ ವಿವರಣೆ.

ಇನ್ನು ದಾರಿಯ ಮಾತು. ಚಾರ್ಟರ್ಡ್ ಅಕೌಂಟೆನ್ಸಿ (ಸಿಎ) ಈಗಲೂ ಗಟ್ಟಿ ದಾರಿ. ಪಿಯುಸಿ ಮುಗಿಸಿ ಫೌಂಡೇಷನ್ ಬರೆಯಬಹುದು, ಇಲ್ಲವೇ ಬಿ.ಕಾಂ.ನಲ್ಲಿ ಶೇ 55 ಅಂಕ ಪಡೆದು ನೇರವಾಗಿ ಇಂಟರ್‌ಮೀಡಿಯೆಟ್ ಸೇರಬಹುದು. 2023ರ ಹೊಸ ಪದ್ಧತಿಯಲ್ಲಿ ಕಡ್ಡಾಯ ಕಚೇರಿ ತರಬೇತಿಯಾದ ಆರ್ಟಿಕಲ್‌ಶಿಪ್ ಮೂರು ವರ್ಷದಿಂದ ಎರಡಕ್ಕೆ ಇಳಿದಿದೆ. ಅದನ್ನು ಮೈಸೂರಿನ ಆಡಿಟರ್ ಕಚೇರಿಯಲ್ಲಿ ಮಾಡಿದರೂ ನಡೆಯುತ್ತದೆ. ಸಣ್ಣ ಕಚೇರಿಯಲ್ಲಿ ಅಕ್ಕಿ ಗಿರಣಿಯಿಂದ ಸಹಕಾರ ಸಂಘದವರೆಗೆ ಎಲ್ಲರ ಲೆಕ್ಕಪುಸ್ತಕವೂ ಕೈಗೆ ಬರುತ್ತದೆ ಎಂಬುದು ದೊಡ್ಡ ಕಚೇರಿಯಲ್ಲಿ ಸಿಗದ ಲಾಭ. ಸಿಎಫ್ಎ ಮೂರು ಹಂತದ ಅಂತರರಾಷ್ಟ್ರೀಯ ಪರೀಕ್ಷೆ. ಹೂಡಿಕೆಯ ಜಗತ್ತಿನಲ್ಲಿ ಅದಕ್ಕೆ ಬೆಲೆ ಇದೆ, ಶುಲ್ಕ ಮಾತ್ರ ಒಂದೊಂದು ಹಂತಕ್ಕೂ ಸಾವಿರ ಡಾಲರಿನ ಆಸುಪಾಸು ಅಥವಾ ಮೇಲೆ. ಮನೆ ಅಡ ಇಟ್ಟು ಮೊದಲ ಹೆಜ್ಜೆಯಾಗಿ ಇದನ್ನು ಬರೆಯುವುದು ನನ್ನ ಮಟ್ಟಿಗೆ ದುಡುಕು. ಕೆಲಸ ಸಿಕ್ಕ ಮೇಲೆ ಸಂಬಳದಲ್ಲಿ ಬರೆಯಬಹುದು, ಶುಲ್ಕ ಕಡಿಮೆ ಮಾಡುವ ವಿದ್ಯಾರ್ಥಿವೇತನವನ್ನು ಆ ಸಂಸ್ಥೆಯೇ ಕೊಡುತ್ತದೆ, ಅರ್ಜಿ ಹಾಕಬೇಕಷ್ಟೆ. ಇವೆರಡರ ನಡುವೆ ಹೆಚ್ಚು ಜನ ಗಮನಿಸದ ಮೆಟ್ಟಿಲೊಂದಿದೆ. ಷೇರುಪೇಟೆಯ ನಿಯಂತ್ರಕ ಸೆಬಿ 2006ರಲ್ಲಿ ಕಟ್ಟಿದ ಎನ್ಐಎಸ್ಎಂ ಸಂಸ್ಥೆ ನಡೆಸುವ ರಿಸರ್ಚ್ ಅನಲಿಸ್ಟ್ ಪರೀಕ್ಷೆ ಅದು. ಶುಲ್ಕ ಸಾವಿರಗಳ ಲೆಕ್ಕದ್ದು, ಲಕ್ಷದ್ದಲ್ಲ. 2024ರ ಡಿಸೆಂಬರಿನ ತಿದ್ದುಪಡಿಯಲ್ಲಿ ಸೆಬಿ ರಿಸರ್ಚ್ ಅನಲಿಸ್ಟ್ ನೋಂದಣಿಗೆ ಪದವಿ ಮತ್ತು ಈ ಸರ್ಟಿಫಿಕೇಟ್ ಸಾಕೆಂದು ಹೇಳಿ, ಅನುಭವದ ಷರತ್ತನ್ನು ತೆಗೆದುಹಾಕಿತು. ಬಾಗಿಲು ಅಗಲವಾಯಿತು ಎಂದು ಸಂತೋಷ ಪಡಬಹುದು. ಅದೇ ಬಾಗಿಲಿನಿಂದ ಟೆಲಿಗ್ರಾಂ ಗುಂಪಿನ ಟಿಪ್ಸ್ ವ್ಯಾಪಾರಿಗಳೂ ಒಳಬರಬಹುದು ಎಂಬ ಆತಂಕವೂ ಉಂಟು.

ಪರೀಕ್ಷೆಗೆ ಕೂರುವ ಮೊದಲು ಮಾಡಬೇಕಾದ ಕೆಲಸ ಇಷ್ಟೆ. ಒಂದು ಕಂಪನಿ ಆರಿಸಿಕೊಳ್ಳುವುದು, ಅದರ ಐದು ವರ್ಷದ ವಾರ್ಷಿಕ ವರದಿ ಇಳಿಸಿಕೊಳ್ಳುವುದು, ಅಂಕಿಗಳನ್ನು ಕೈಯಾರೆ ಎಕ್ಸೆಲ್‌ಗೆ ತುಂಬುವುದು. ಸಾಫ್ಟ್‌ವೇರಿನಿಂದ ಎತ್ತಿ ಹಾಕಿದರೆ ಕಲಿಕೆ ಅಲ್ಲೇ ಸೋರಿಹೋಗುತ್ತದೆ. ಲಾಭಕ್ಕೂ ನಗದು ಹರಿವಿಗೂ ತಾಳೆ ಬೀಳದ ವರ್ಷ ಸಿಕ್ಕೇ ಸಿಗುತ್ತದೆ, ಅದರ ಕಾರಣವನ್ನು ಅಡಿಟಿಪ್ಪಣಿಗಳಲ್ಲಿ ಹುಡುಕಬೇಕು. ರೇಟಿಂಗ್ ಸಂಸ್ಥೆಗಳ ತಾಣದಲ್ಲಿ ಒಂದೊಂದು ದರ್ಜೆಗೂ ಕಾರಣ ಹೇಳುವ ಎರಡು ಮೂರು ಪುಟದ ಟಿಪ್ಪಣಿ ಬಿಟ್ಟಿಯಾಗಿ ಸಿಗುತ್ತದೆ. ಈ ವೃತ್ತಿಯಲ್ಲಿ ಹೇಗೆ ಬರೆಯುತ್ತಾರೆ ಎಂದು ಕಲಿಯಲು ಅದಕ್ಕಿಂತ ಒಳ್ಳೆಯ ಪಠ್ಯ ನನಗೆ ಗೊತ್ತಿಲ್ಲ. ಕೊನೆಗೆ ಈ ಕಂಪನಿಗೆ ಹತ್ತು ಕೋಟಿ ಸಾಲ ಕೊಡಬಹುದೇ ಎಂಬ ಪ್ರಶ್ನೆಗೆ ನಾಲ್ಕು ಪುಟದಲ್ಲಿ ಉತ್ತರ ಬರೆಯಬೇಕು. ಕೊಡಬಹುದು ಎಂದರೆ ಏನಾದರೆ ಮುಳುಗುತ್ತೇವೆ ಎಂಬುದೂ ಅದರಲ್ಲಿರಬೇಕು.

ಆದರೆ ಇದನ್ನೆಲ್ಲ ಯಾರು ನೋಡುತ್ತಾರೆ ಎಂಬ ಆಕ್ಷೇಪ ಇದೆ. ದೊಡ್ಡ ಕಂಪನಿಗಳು ನೇಮಕಕ್ಕೆ ಬರುವುದು ಬೆಂಗಳೂರಿನ ಹೆಸರಾಂತ ಕಾಲೇಜುಗಳಿಗೆ, ಕೊಳ್ಳೇಗಾಲದ ಶ್ರೀ ಮಹದೇಶ್ವರ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿಗಲ್ಲ. ಅರ್ಜಿ ಸೋಸುವ ಯಂತ್ರ ಕಾಲೇಜಿನ ಹೆಸರು ನೋಡುತ್ತದೆ, ನಾಲ್ಕು ಪುಟದ ಕಬ್ಬಿನ ಟಿಪ್ಪಣಿ ನೋಡುವುದಿಲ್ಲ. ಈ ಆಕ್ಷೇಪ ನಿಜ, ಇದನ್ನು ತೇಲಿಸಿಬಿಡುವುದು ಮೋಸ. ಹಳ್ಳಿಯ ಪದವೀಧರರು ಮೊದಲ ಕೆಲಸವನ್ನೇ ಗೋಲ್ಡ್‌ಮನ್‌ನಲ್ಲಿ ಹುಡುಕುವ ಬದಲು ಬ್ಯಾಂಕೇತರ ಸಾಲ ಸಂಸ್ಥೆ, ಮಧ್ಯಮ ಗಾತ್ರದ ಕಾರ್ಖಾನೆಯ ಹಣಕಾಸು ವಿಭಾಗ, ಆಡಿಟ್ ಕಚೇರಿ, ಸಣ್ಣ ರೇಟಿಂಗ್ ಸಂಸ್ಥೆಗಳ ಕಡೆ ನೋಡುವುದು ಜಾಣತನ. ಅಲ್ಲಿ ಸಂದರ್ಶನ ಮಾಡುವವರು ಆ ಕೆಲಸವನ್ನು ಸ್ವತಃ ಮಾಡುವವರು, ಇಳುವರಿ ಒಂಬತ್ತೂವರೆಗಿಂತ ಇಳಿದರೆ ಏನಾಗುತ್ತದೆ ಎಂದು ವಿವರಿಸಿದರೆ ಅವರ ಕಿವಿ ನಿಮಿರುತ್ತದೆ. ಎರಡನೆಯ ಕೆಲಸಕ್ಕೆ ಅರ್ಜಿ ಹಾಕುವ ಹೊತ್ತಿಗೆ ಕಾಲೇಜಿನ ಹೆಸರಿನ ತೂಕ ಅರ್ಧಕ್ಕೆ ಇಳಿದಿರುತ್ತದೆ. ಇಂಗ್ಲಿಷಿನ ತೊಡಕು ಇನ್ನೂ ದೊಡ್ಡದು. ಸಿಎ ಪರೀಕ್ಷೆಯನ್ನು ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಬರೆಯಬಹುದು, ಕನ್ನಡದಲ್ಲಿ ಬರೆಯುವಂತಿಲ್ಲ. ಇದು ಅನ್ಯಾಯವೆಂದು ನಾನೂ ಹೇಳುತ್ತೇನೆ, ಆದರೆ ಅದು ಸರಿಯಾಗುವವರೆಗೆ ಕಾಯುತ್ತ ಕೂರುವಂತಿಲ್ಲ. ಈ ವೃತ್ತಿಗೆ ಬೇಕಾದ ಇಂಗ್ಲಿಷ್ ವಾಗ್ಮಿಯದ್ದಲ್ಲ, ಕೆಲವು ನೂರು ಪದಗಳ ಶುಷ್ಕ, ಚಿಕ್ಕ ವಾಕ್ಯಗಳ ಇಂಗ್ಲಿಷ್. ದಿನಕ್ಕೊಂದು ರೇಟಿಂಗ್ ಟಿಪ್ಪಣಿ ಓದಿ ಅದರ ಸಾರವನ್ನು ಬರೆಯುವವರಿಗೆ ಆರು ತಿಂಗಳಲ್ಲಿ ಅದು ಒಗ್ಗುತ್ತದೆ. ತರ್ಕವನ್ನು ಮೊದಲು ಕನ್ನಡದಲ್ಲಿ ಗಟ್ಟಿ ಮಾಡಿಕೊಂಡವರಿಗೆ ಇನ್ನೂ ಬೇಗ.

ಯಂತ್ರಬುದ್ಧಿಯ ಆಕ್ಷೇಪ ಇದಕ್ಕಿಂತ ಹೊಸದು. ಇನ್ನೂರು ಪುಟದ ವರದಿಯ ಸಾರಾಂಶವನ್ನು ಎರಡು ನಿಮಿಷದಲ್ಲಿ ಬರೆದು ಕೊಡುವ ಕೃತಕ ಬುದ್ಧಿಮತ್ತೆ ಬಂದ ಮೇಲೆ ಅಂಕಿ ತುಂಬುವ ಹುಡುಗರು ಯಾರಿಗೆ ಬೇಕು? ಅಂಕಿ ತುಂಬುವುದಷ್ಟೇ ಬಲ್ಲವರು ಬೇಡವಾಗುತ್ತಾರೆ, ಅದರಲ್ಲಿ ನನಗೆ ಸಂಶಯವಿಲ್ಲ. ಬೆಂಗಳೂರಿನ ಕೇಂದ್ರಗಳಲ್ಲಿ ಮೊದಲು ಕರಗುವುದೂ ಆ ಹಂತದ ಕೆಲಸಗಳೇ. ಅದೇ ಕಾರಣಕ್ಕೆ ಸರದಿ ಬದಲಾಗಬೇಕು ಎನ್ನುತ್ತಿರುವುದು. ಯಂತ್ರಕ್ಕೆ ಬರೆದಿಟ್ಟದ್ದು ಮಾತ್ರ ಸಿಗುತ್ತದೆ. ಕೊಳ್ಳೇಗಾಲದ ರೀಲರ್ ಯಾವ ಬಡ್ಡಿಗೆ ದುಡ್ಡು ತಂದ, ಹನೂರಿನ ಕುಟುಂಬ ಜೂನ್‌ನ ಕಂತನ್ನು ಯಾವ ಸಾಲದಿಂದ ಕಟ್ಟಿತು ಎಂಬುದು ಯಾವ ವರದಿಯಲ್ಲೂ ಅಚ್ಚಾಗಿಲ್ಲ. ಕಂಪನಿ ಹೇಳಿದ್ದನ್ನು ಚೊಕ್ಕವಾಗಿ ಮತ್ತೆ ಹೇಳುವುದರಲ್ಲಿ ಯಂತ್ರ ನಿಸ್ಸೀಮ, ಕಂಪನಿ ಹೇಳದೆ ಬಿಟ್ಟದ್ದನ್ನು ಕೇಳಬೇಕಾದರೆ ಆ ವ್ಯಾಪಾರದ ವಾಸನೆ ಗೊತ್ತಿರಬೇಕು. ಹಾಗೆಂದು ಹಳ್ಳಿಯಲ್ಲಿ ಹುಟ್ಟಿದ್ದೇ ಅರ್ಹತೆ ಎಂದು ಬೀಗಬೇಕಿಲ್ಲ. ಕಬ್ಬಿನ ಗದ್ದೆಯ ಪಕ್ಕದಲ್ಲೇ ಬೆಳೆದು ಎಫ್‌ಆರ್‌ಪಿ ಆದೇಶವನ್ನು ಒಮ್ಮೆಯೂ ಓದದವರಿಗೂ ನಗರದವರಿಗೂ ಈ ವಿಷಯದಲ್ಲಿ ವ್ಯತ್ಯಾಸವೇನಿಲ್ಲ.

ಓದಿದವರೆಲ್ಲ ಬೆಂಗಳೂರಿನ ಬ್ಯಾಂಕುಗಳಿಗೆ ಹೋದರೆ ಊರಿಗೇನು ಬಂತು ಎಂಬ ಮಾತೂ ಬರುತ್ತದೆ. ಹೋಗುವವರು ಹೋಗಲಿ, ಅವರು ಕಳಿಸುವ ದುಡ್ಡಿಗೂ ಮನೆಯಲ್ಲಿ ಕೆಲಸವಿದೆ. ಆದರೆ ಇಲ್ಲಿಯೂ ಖಾಲಿ ಕುರ್ಚಿಗಳಿವೆ. ಹತ್ತು ಸಾವಿರ ರೈತ ಉತ್ಪಾದಕ ಕಂಪನಿಗಳನ್ನು ಕಟ್ಟುವ ಕೇಂದ್ರದ ಯೋಜನೆ 2020ರಲ್ಲಿ ಶುರುವಾಯಿತು. ಒಂದೊಂದಕ್ಕೆ ಮೂರು ವರ್ಷಕ್ಕೆ 18 ಲಕ್ಷದವರೆಗೆ ನಿರ್ವಹಣಾ ನೆರವು, ಸದಸ್ಯರು ಹಾಕಿದ ಷೇರು ಹಣಕ್ಕೆ ಸರಿಸಮನಾಗಿ ರೈತನೊಬ್ಬನಿಗೆ 2,000ದಂತೆ ಗರಿಷ್ಠ 15 ಲಕ್ಷದ ಅನುದಾನ. ಸಿಇಒ ಸಂಬಳ, ಆಫೀಸಿನ ಬಾಡಿಗೆ ಎಲ್ಲ ಈ 18 ಲಕ್ಷದಲ್ಲೇ. ನಾಲ್ಕನೆಯ ವರ್ಷದಿಂದ ಆ ಖರ್ಚು ಗೊಬ್ಬರ, ಬೀಜ, ಮೆಕ್ಕೆಜೋಳ, ಅರಿಸಿನದ ವ್ಯಾಪಾರದಿಂದಲೇ ಹುಟ್ಟಬೇಕು. ವರ್ಷಕ್ಕೆ ಆರು ಲಕ್ಷ ಖರ್ಚಿನ ಕಂಪನಿ ಮಾರಾಟದ ಮೇಲೆ ಶೇ 3 ಉಳಿಸಿದರೆ ಸರಿದೂಗಿಸಲು ಎರಡು ಕೋಟಿಯ ವಹಿವಾಟು ಬೇಕು. ಅಷ್ಟು ವಹಿವಾಟು ಯಾವ ಬೆಳೆಯಿಂದ, ಯಾವ ತಿಂಗಳು, ಯಾವ ಬ್ಯಾಂಕಿನ ಎಷ್ಟು ಸಾಲದಿಂದ ಆಗುತ್ತದೆ ಎಂಬ ಹಾಳೆಯನ್ನು ನೆರವು ನಿಲ್ಲುವ ಮೊದಲೇ, ಎರಡನೆಯ ವರ್ಷದಲ್ಲೇ, ಯಾರಾದರೂ ಬರೆದಿಡಬೇಕು. ಆಡಿಟರ್ ಕಳೆದ ವರ್ಷದ ಲೆಕ್ಕ ಬರೆದು ಸಹಿ ಹಾಕಿ ಹೋಗುತ್ತಾರೆ, ಈ ಹಾಳೆ ಅವರ ಪಾಲಿನ ಕೆಲಸವಲ್ಲ. ಮೂರು ನಾಲ್ಕು ಕಂಪನಿಗಳು ಸೇರಿ ಒಬ್ಬರನ್ನು ಇಟ್ಟುಕೊಂಡರೆ ತಲಾ ತಿಂಗಳಿಗೆ ಏಳೆಂಟು ಸಾವಿರದೊಳಗೆ ಆಗುವ ಕೆಲಸ ಇದು. ಬಿ.ಕಾಂ. ಮುಗಿಸಿ ಸಿಎ ಇಂಟರ್‌ಮೀಡಿಯೆಟ್‌ಗೆ ಓದುತ್ತ ಊರಲ್ಲೇ ಇರುವವರಿಗೆ ಆರ್ಟಿಕಲ್‌ಶಿಪ್ ಶುರುವಾಗುವವರೆಗೆ ಹೊಂದುವ ಹುದ್ದೆ.